ಕುದುರೆಯಿಂದ ಇಳಿದ ನಿಲುವಂಗಿ

ಹಳೆಯ ಚೀನಾದ ಫೋಟೋಗಳನ್ನು ನೋಡುತ್ತಾ ಕೂರುವುದು ನನಗೆ ತುಂಬಾ ಇಷ್ಟ. ನೂರು ವರ್ಷ ಹಿಂದಿನ ಬೀಜಿಂಗ್, ಶಾಂಘೈ. ಕಾಲೇಜಿನ ಅಧ್ಯಾಪಕರು ಸಾಲಾಗಿ ಕೂತಿರುತ್ತಾರೆ. ಹಿಂದೆ ವಿದ್ಯಾರ್ಥಿಗಳು ನಿಂತಿರುತ್ತಾರೆ. ಒಬ್ಬಿಬ್ಬರು ಸೂಟು ಹಾಕಿರುತ್ತಾರೆ. ಉಳಿದವರ ಮೈಮೇಲೆಲ್ಲ ಒಂದೇ ಬಟ್ಟೆ. ಕತ್ತಿನಿಂದ ಹಿಮ್ಮಡಿಯ ತನಕ ನೇರವಾಗಿ ಇಳಿದ ನಿಲುವಂಗಿ. ನಿಂತ ಕಾಲರು, ಬಲಗಡೆಗೆ ಓರೆಯಾಗಿ ಸಾಗುವ ಗಂಟುಗುಂಡಿಗಳು, ಉದ್ದ ತೋಳು. ಒಂದೇ ಪದರದ್ದಾದರೆ ಚಾಂಗ್‌ಶಾನ್. ಅಸ್ತರಿ ಕೊಟ್ಟು, ಒಳಗೆ ಹತ್ತಿಯನ್ನೋ ತುಪ್ಪಳವನ್ನೋ ಇಟ್ಟು ಚಳಿಗೆ ಹೊಲಿದದ್ದಾದರೆ ಚಾಂಗ್‌ಪಾವ್. 1924ರಲ್ಲಿ ಟಾಗೋರರು ಚೀನಾಕ್ಕೆ ಹೋದಾಗ ತೆಗೆದ ಫೋಟೋಗಳನ್ನು ನೀವೂ ನೋಡಿರಬಹುದು. ಅವುಗಳಲ್ಲಿ ದುಂಡು ಕನ್ನಡಕದ ಕವಿ ಶು ಝಿಮೋ ಇದೇ ಉಡುಪಿನಲ್ಲಿ ಟಾಗೋರರ ಪಕ್ಕ ನಿಂತಿದ್ದಾನೆ. ಇಬ್ಬರದೂ ನಿಲುವಂಗಿ. ಒಂದೇ ಮನೆಯವರ ಹಾಗೆ ಕಾಣುತ್ತಾರೆ.

ಚೀನಾದ ಗಂಡಸಿನ ಬಟ್ಟೆ ಅಂದರೆ ಇದೇ, ಹಿಂದಿನಿಂದಲೂ ಹೀಗೇ ಇತ್ತು ಅನ್ನಿಸುವಷ್ಟು ಸಹಜವಾಗಿದೆ ಅದು. ಆದರೆ ಚೀನಾದ ಬಹುಪಾಲು ಜನ ಇದನ್ನು ತಾವಾಗಿ ಆರಿಸಿಕೊಂಡವರಲ್ಲ. ಹೊರಗಿನಿಂದ ಬಂದು ಗೆದ್ದವರು ಕತ್ತಿ ತೋರಿಸಿ ತೊಡಿಸಿದ ಬಟ್ಟೆ ಇದು. ಅದನ್ನು ಬೇಡ ಅಂದವರು ಸಾವಿರ ಸಾವಿರ ಲೆಕ್ಕದಲ್ಲಿ ಸತ್ತಿದ್ದಾರೆ. ಅಂಥ ಬಟ್ಟೆಯನ್ನು ಸೋತವರ ಮರಿಮಕ್ಕಳು ಇಷ್ಟು ಪ್ರೀತಿಯಿಂದ ಹಚ್ಚಿಕೊಂಡದ್ದು ಹೇಗೆ? ಎಷ್ಟೋ ಕಾಲದಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅದರ ಜೊತೆಗೆ ಇನ್ನೊಂದೂ ಇದೆ. ಓಡಲು, ಹತ್ತಲು, ಬಿಲ್ಲು ಎಳೆಯಲು ಹೊಲಿದ ಬಟ್ಟೆ, ಮೈ ಬಗ್ಗಿಸದವರ ಗುರುತಾಗಿ ಬದಲಾದದ್ದು ಯಾವಾಗ?

ಮೇಜಿನ ಮೇಲೆ ಬಿಡಿಸಿಟ್ಟಾಗ

ಹಾಂಗ್‌ಕಾಂಗ್‌ನ ಕೌಲೂನ್ ಕಡೆ, ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಒಬ್ಬ ದರ್ಜಿಯ ಅಂಗಡಿಗೆ ಹೋಗಿದ್ದೆ. ಗೆಳೆಯನ ಮದುವೆ ಹತ್ತಿರ ಬಂದಿತ್ತು. ಅವನಿಗೆ ಚಾಂಗ್‌ಶಾನ್, ಅದರ ಮೇಲೆ ಸೊಂಟದ ತನಕ ಬರುವ ಮಾಗ್ವಾ ಅನ್ನುವ ಗಿಡ್ಡ ಕೋಟು ಹೊಲಿಸುತ್ತಿದ್ದರು. ದರ್ಜಿಗೆ ವಯಸ್ಸಾಗಿತ್ತು. ಕೆಲಸ ಕಲಿತದ್ದು 1949ರ ಸುಮಾರಿಗೆ ಶಾಂಘೈ ಬಿಟ್ಟು ಬಂದ ಗುರುವಿನ ಹತ್ತಿರವಂತೆ. ಆತ ಮಾತು ಕಮ್ಮಿ, ಕೈ ಜಾಸ್ತಿ. ಅಳತೆ ನೋಡುವ ಮೊದಲು ಅರ್ಧ ಹೊಲಿದ ನಿಲುವಂಗಿಯನ್ನು ಮೇಜಿನ ಮೇಲೆ ಹಾಸಿದ.

ಅದು ಪೂರ್ತಿ ಚಪ್ಪಟೆಯಾಗಿ ಮಲಗಿತು. ಒಂದು ಉಬ್ಬಿಲ್ಲ, ಒಂದು ಸುಕ್ಕಿಲ್ಲ. ಸೂಟಿನ ಕೋಟನ್ನು ಹೀಗೆ ಮೇಜಿನ ಮೇಲೆ ಹಾಸಿ ನೋಡಿ, ಭುಜ ಎದ್ದು ನಿಲ್ಲುತ್ತದೆ. ಇಲ್ಲಿ ಭುಜಕ್ಕೆ ಹೊಲಿಗೆಯೇ ಇಲ್ಲ. ಬಟ್ಟೆಯನ್ನು ಭುಜದ ಮೇಲೆ ಮಡಚಿ ಹಿಂದಕ್ಕೆ ಇಳಿಬಿಟ್ಟಿದ್ದಾರೆ. ಹಿಂದೂ ಮುಂದೂ ಒಂದೇ ತುಂಡು. ಬೆನ್ನಿನ ನಡುವೆ ಕತ್ತಿನಿಂದ ಕೆಳಗಿನ ತನಕ ಒಂದು ಉದ್ದ ಹೊಲಿಗೆ. ಹಳೆಯ ಕೈಮಗ್ಗದ ಬಟ್ಟೆಯ ಅಗಲ ಕಮ್ಮಿ, ಎರಡು ಪಟ್ಟಿ ಜೋಡಿಸದೆ ಒಂದು ಮೈ ಮುಚ್ಚುತ್ತಿರಲಿಲ್ಲ. ತೋಳು ಉದ್ದ ಬೇಕಾದರೆ ಮೊಣಕೈ ಆಚೆ ಇನ್ನೊಂದು ತುಂಡು ಸೇರಿಸುತ್ತಿದ್ದರು. ಈಗ ಅಗಲ ಬಟ್ಟೆ ಸಿಗುತ್ತದೆ. ಆದರೂ ಹಳೇ ಕ್ರಮ ಗೊತ್ತಿರುವ ದರ್ಜಿಗಳು ಆ ನಡುಹೊಲಿಗೆಯನ್ನು ಬಿಡುವುದಿಲ್ಲ.

ಮುಂಭಾಗ ಎರಡು ಪದರ. ಎಡಗಡೆಯ ದೊಡ್ಡ ಪದರ ಎದೆ ದಾಟಿ ಬಲ ಕಂಕುಳಿನ ತನಕ ಹೋಗಿ ಮುಚ್ಚುತ್ತದೆ. ಅದರ ಅಡಿಯಲ್ಲಿ ಸಣ್ಣದೊಂದು ಒಳಪದರ. ಗುಂಡಿಗಳು ಕತ್ತಿನಲ್ಲಿ ಶುರುವಾಗಿ, ಬಲ ಎದೆಯ ಮೇಲೆ ಬಾಗಿ, ಕಂಕುಳಲ್ಲಿ ತಿರುಗಿ, ಪಕ್ಕದಲ್ಲೇ ಕೆಳಗಿಳಿಯುತ್ತವೆ. ಗುಂಡಿಯೂ ಬಟ್ಟೆಯದ್ದೇ. ಓರೆಯಾಗಿ ಕತ್ತರಿಸಿದ ಪಟ್ಟಿಗೆ ಅಂಟು ಸವರಿ, ಮಡಚಿ, ದಾರದ ಹಾಗೆ ಹೊಲಿದು, ಆಮೇಲೆ ಗಂಟು ಕಟ್ಟುತ್ತಾರೆ. ದರ್ಜಿ ನನ್ನ ಮುಂದೆಯೇ ಒಂದು ಗಂಟು ಕಟ್ಟಿ ತೋರಿಸಿದ. ಬೆರಳಿಗೆ ಸುತ್ತಿ, ಒಳಗೆ ತೂರಿಸಿ, ಒಂದೊಂದೇ ಎಳೆ ಬಿಗಿದು, ಕೊನೆಗೆ ಕಡಲೆಕಾಳಿನ ಗಾತ್ರದ ಗಟ್ಟಿ ಉಂಡೆ. ಇದು ಕಿತ್ತು ಬರುವುದಿಲ್ಲ, ಒಡೆಯುವುದೂ ಇಲ್ಲ.

ಪಕ್ಕದ ಸೀಳು ಇಷ್ಟು ಎತ್ತರ ಯಾಕೆ ಅಂತ ಕೇಳಿದೆ. ಗೆಳೆಯ ಕ್ಯಾಂಟನೀಸ್‌ನಲ್ಲಿ ಕೇಳಿ ಹೇಳಿದ. ದರ್ಜಿ ಉತ್ತರ ಕೊಡುವ ಬದಲು ಎರಡು ಕಾಲು ಅಗಲಿಸಿ ನಿಂತು, ಲಗಾಮು ಹಿಡಿದವನ ಹಾಗೆ ಕೈ ಮುಂದೆ ಮಾಡಿದ.

ಹಿಡಿದು ತೊಡಿಸಿದ್ದು

ಮಂಚು ಜನ ಚೀನಾದ ಈಶಾನ್ಯದವರು. ಬೇಟೆ, ಬಿಲ್ಲು, ಕುದುರೆ ಅವರ ಬದುಕು. ಅವರ ನಿಲುವಂಗಿಯ ಒಂದೊಂದು ವಿವರಕ್ಕೂ ಅಲ್ಲಿ ಕೆಲಸ ಇತ್ತು. ತೋಳು ಬಿಗಿ, ಯಾಕೆಂದರೆ ಅಗಲ ತೋಳು ಬಿಲ್ಲಿನ ಹೆದೆಗೆ ಸಿಕ್ಕಿಕೊಳ್ಳುತ್ತದೆ. ತೋಳಿನ ತುದಿಯಲ್ಲಿ ಕುದುರೆ ಗೊರಸಿನ ಆಕಾರದ ಒಂದು ಅಂಚು. ಚಳಿಯಲ್ಲಿ ಸವಾರಿ ಮಾಡುವಾಗ ಅದು ಅಂಗೈಯ ಹಿಂಭಾಗವನ್ನು ಮುಚ್ಚುತ್ತಿತ್ತು. ಮಾಮೂಲಿ ಹೊತ್ತಿನಲ್ಲಿ ಮೇಲಕ್ಕೆ ಮಡಚಿಡುತ್ತಿದ್ದರು. ಸವಾರಿಗೆಂದೇ ಇನ್ನೊಂದು ಬಗೆಯ ನಿಲುವಂಗಿ ಇತ್ತು. ಅದರ ಮುಂದಿನ ಬಲಭಾಗ ಸುಮಾರು ಒಂದಡಿ ಗಿಡ್ಡ. ಆ ತುಂಡನ್ನು ಬೇರೆಯಾಗಿ ಹೊಲಿದು ಗುಂಡಿ ಹಾಕಿರುತ್ತಿದ್ದರು. ಕುದುರೆ ಹತ್ತುವಾಗ ಬಿಚ್ಚುವುದು, ಇಳಿದ ಮೇಲೆ ಮತ್ತೆ ಸೇರಿಸುವುದು. ಈ ವಿವರ ಓದಿದಾಗ ನಾನು ಬಹಳ ಹೊತ್ತು ಅದನ್ನೇ ಯೋಚಿಸುತ್ತಾ ಕೂತಿದ್ದೆ. ಯಾರೋ ಒಬ್ಬ ದಿನವೂ ಕುದುರೆ ಏರಿ ಇಳಿದು, ಬಟ್ಟೆ ತೊಡರಿ ಬೇಸತ್ತು, ಈ ಉಪಾಯ ಕಂಡುಕೊಂಡಿರಬೇಕು ಅಲ್ವಾ?

ಆ ಹೊತ್ತಿಗೆ ಚೀನಾವನ್ನು ಆಳುತ್ತಿದ್ದ ಮಿಂಗ್ ವಂಶದ ಕಾಲದ ಉಡುಪು ಬೇರೆಯೇ. ಸಡಿಲ ನಿಲುವಂಗಿ, ಎದೆಯ ಮೇಲೆ ಒಂದರ ಮೇಲೊಂದು ಹಾಯುವ ಕತ್ತಿನ ಅಂಚು, ಗುಂಡಿಗಿಂತ ಹೆಚ್ಚಾಗಿ ಲಾಡಿ, ನೆಲ ಮುಟ್ಟುವಷ್ಟು ಅಗಲದ ತೋಳು. ಮಂಚು ದೊರೆ ಹೊಂಗ್ ತೈಜಿಗೆ ಈ ಅಗಲ ತೋಳಿನ ಮೇಲೆ ಭಯ ಇತ್ತು. 1636ರಲ್ಲಿ ಆತ ತನ್ನ ಸರದಾರರನ್ನು ಕೂರಿಸಿ, ನಾಲ್ಕೈದು ಶತಮಾನ ಹಿಂದೆ ಉತ್ತರ ಚೀನಾ ಆಳಿದ ಜಿನ್ ವಂಶದ ಇತಿಹಾಸ ಓದಿಸಿದ. ಆ ಜಿನ್ ವಂಶದವರನ್ನು ಮಂಚುಗಳು ತಮ್ಮ ಪೂರ್ವಿಕರು ಅಂದುಕೊಂಡಿದ್ದರು. ಅವರು ಗೆದ್ದ ನಾಡಿನ ಉಡುಪು, ನಡೆನುಡಿ ಹಿಡಿದು ತಮ್ಮ ಬಿಲ್ಲು ಮರೆತರು, ರಾಜ್ಯ ಕಳೆದುಕೊಂಡರು ಅನ್ನುವುದು ಅವನ ಪಾಠ. ನಾವೂ ಅಗಲ ತೋಳು ತೊಟ್ಟು ಕೂತರೆ, ಇನ್ನೊಬ್ಬರು ಕತ್ತರಿಸಿ ಕೊಟ್ಟ ಮಾಂಸ ತಿನ್ನಬೇಕಾಗುತ್ತದೆ ಅಂತ ಎಚ್ಚರಿಸಿದ. ನನ್ನ ಮಟ್ಟಿಗೆ ಈ ಇಡೀ ಕಥೆಯ ಬೀಜ ಇಲ್ಲಿದೆ. ಅವನಿಗೆ ಬಟ್ಟೆ ಅಂದರೆ ಅಲಂಕಾರ ಅಲ್ಲ. ಮೈ ಏನು ಮಾಡಬಲ್ಲದು ಅನ್ನುವುದನ್ನು ಬಟ್ಟೆ ತೀರ್ಮಾನಿಸುತ್ತದೆ ಅಂತ ಅವನು ನಂಬಿದ್ದ.

1644ರಲ್ಲಿ ಮಂಚುಗಳು ಬೀಜಿಂಗ್ ಹಿಡಿದರು. ಮರುವರ್ಷ, ಹುಡುಗ ಚಕ್ರವರ್ತಿಯ ಪರವಾಗಿ ಆಳುತ್ತಿದ್ದ ದೋರ್ಗಾನ್ ಅಪ್ಪಣೆ ಹೊರಡಿಸಿದ. ಎಲ್ಲ ಗಂಡಸರೂ ಹತ್ತು ದಿನದೊಳಗೆ ಮುಂದಲೆ ಬೋಳಿಸಿ ಹಿಂದೆ ಜಡೆ ಬಿಡಬೇಕು. ಬಟ್ಟೆಯೂ ಮಂಚು ರೀತಿಗೆ ಬರಬೇಕು, ಆದರೆ ಅದಕ್ಕೆ ಸ್ವಲ್ಪ ಸಮಯ ಕೊಟ್ಟ. ಕೂದಲು ಉಳಿಸಿದರೆ ತಲೆ ಇಲ್ಲ, ತಲೆ ಉಳಿಯಬೇಕಾದರೆ ಕೂದಲು ಇಲ್ಲ ಅನ್ನುವ ಮಾತು ಆಗ ಹುಟ್ಟಿದ್ದು. ಯಾಂಗ್‌ತ್ಸೆ ನದಿಯ ದಂಡೆಯ ಜಿಯಾಂಗ್‌ಯಿನ್ ಊರಿನವರು ಒಪ್ಪಲಿಲ್ಲ. ಕೋಟೆ ಬಾಗಿಲು ಹಾಕಿ 81 ದಿನ ಹೋರಾಡಿದರು. ಊರು ಬಿದ್ದ ಮೇಲೆ ನಡೆದದ್ದು ಕೊಲೆಯ ಸುಗ್ಗಿ. ಜಿಯಾಡಿಂಗ್‌ನಲ್ಲಿ ಮೂರು ಸಲ ಹತ್ಯಾಕಾಂಡ ನಡೆಯಿತು. ಆ ಊರಿನವರಲ್ಲಿ ಎಷ್ಟೋ ಜನ ಹಳೇ ರಾಜವಂಶ ಹೋದದ್ದಕ್ಕೆ ಅಷ್ಟೊಂದು ಅಳಲಿಲ್ಲ. ದೊರೆ ಬದಲಾಗುವುದು ಅವರಿಗೆ ಹೊಸದಲ್ಲ. ಅಪ್ಪ ಅಮ್ಮ ಕೊಟ್ಟ ಕೂದಲನ್ನು, ಅಜ್ಜ ತೊಟ್ಟ ಬಟ್ಟೆಯನ್ನು ಕೈ ಹಾಕಿ ಕಿತ್ತದ್ದು ಸಹಿಸಲಿಲ್ಲ.

ಆಮೇಲೆ ಒಂದು ರಾಜಿ ಬೆಳೆಯಿತು. ಯಾರು ಬದಲಾಗಬೇಕು, ಯಾರಿಗೆ ಬಿಡುವು ಅನ್ನುವ ಒಂದು ಪಟ್ಟಿ ಜನರ ಬಾಯಲ್ಲಿ ಉಳಿದಿದೆ. ಗಂಡಸರು ಬದಲಾಗಬೇಕು, ಹೆಂಗಸರು ಬೇಡ. ಬದುಕಿರುವವರು ಬದಲಾಗಬೇಕು, ಸತ್ತವರು ಬೇಡ. ಓದಿದವರು ಬದಲಾಗಬೇಕು, ಸನ್ಯಾಸಿಗಳು ಬೇಡ. ನಾಟಕದವರಿಗೂ ಬಿಡುವು. ಬೀಜಿಂಗ್‌ನ ಬಿಳಿಮೋಡ ದೇವಸ್ಥಾನದಲ್ಲಿ ಇವತ್ತಿಗೂ ದಾವ್ ಪಂಥದ ಸಾಧುಗಳು ನೆತ್ತಿಯ ಮೇಲೆ ತುರುಬು ಕಟ್ಟಿ, ಕತ್ತಿನ ಅಂಚು ಹಾಯುವ ಹಳೇ ನಿಲುವಂಗಿ ತೊಟ್ಟು ಓಡಾಡುತ್ತಾರೆ. ಅದು ಆ ಬಿಡುವಿನ ಫಲ. ಗಂಡಿನ ಹೆಣಕ್ಕೆ ಮಿಂಗ್ ಕಾಲದ ಬಟ್ಟೆ ತೊಡಿಸಿ ಕಳಿಸಬಹುದಾಗಿತ್ತು. ಮೈ ಮಂಚುಗಳದ್ದು, ಸಾವು ನಮ್ಮದು ಅಂತ ಜನ ಸಮಾಧಾನ ಮಾಡಿಕೊಂಡರು.

ಉದ್ದ ಅಂಗಿ, ಗಿಡ್ಡ ಅಂಗಿ

ಮೊದಲ ತಲೆಮಾರಿಗೆ ಅವಮಾನ. ಎರಡನೆಯದಕ್ಕೆ ಅಭ್ಯಾಸ. ಆರನೆಯದೋ ಏಳನೆಯದೋ ತಲೆಮಾರಿನ ಹುಡುಗನಿಗೆ ಅದು ಅಪ್ಪನ ಬಟ್ಟೆ. ಇಷ್ಟೇ ಅನ್ನಿಸುತ್ತದೆ ನನಗೆ. ಆದರೆ ಈ ನಡುವೆ ಬಟ್ಟೆ ಸುಮ್ನೆ ಕೂರಲಿಲ್ಲ. ಅದು ನಿಧಾನವಾಗಿ ಕುದುರೆಯಿಂದ ಇಳಿಯಿತು. ಗೊರಸಿನಂಥ ತೋಳಂಚು ಅರಮನೆಯ ವಂದನೆಗೆ ಸೀಮಿತವಾಯಿತು. ಅಧಿಕಾರಿಗಳು ತೋಳನ್ನು ಪಟಪಟನೆ ಕೆಳಗೆ ಒದರಿ ಮಂಡಿಯೂರುತ್ತಿದ್ದರು. ಮಾಮೂಲಿ ಜನರ ಬಟ್ಟೆಯಲ್ಲಿ ಅದು ಇಲ್ಲವಾಯಿತು. ಸವಾರರ ಮೇಲಂಗಿಯಾಗಿದ್ದ ಮಾಗ್ವಾ ಮನೆಗೆ ನೆಂಟರು ಬಂದಾಗ ತೊಡುವ ಕೋಟಾಯಿತು. ಅದರಲ್ಲೂ ಹಳದಿ ಮಾಗ್ವಾ ಅಂದರೆ ಚಕ್ರವರ್ತಿ ಕೊಡುವ ದೊಡ್ಡ ಗೌರವ. 1894ರಲ್ಲಿ ಜಪಾನಿನ ಎದುರು ಯುದ್ಧ ಕೈಕೊಟ್ಟಾಗ ಲಿ ಹೊಂಗ್‌ಜಾಂಗ್‌ನಂಥ ಮುತ್ಸದ್ದಿಯ ಮೈಯಿಂದ ಆ ಹಳದಿ ಕೋಟನ್ನು ವಾಪಸು ಕಿತ್ತುಕೊಂಡರು. ಮೊದಲು ಕತ್ತಿನ ಸುತ್ತ ಕಾಲರೇ ಇರಲಿಲ್ಲ, ಬೇರೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಈಗ ನಾವು ಚೀನೀ ಕಾಲರು ಅನ್ನುವುದು ಮಂಚು ರಾಜವಂಶದ ಕೊನೆಗಾಲದಲ್ಲಿ ನಿಲುವಂಗಿಗೆ ಸೇರಿದ್ದು.

ಹೊಲದಲ್ಲಿ ಕೆಸರು ತುಳಿಯುವವನು, ದೋಣಿಯಿಂದ ಮೂಟೆ ಇಳಿಸುವವನು ಹಿಮ್ಮಡಿಯ ತನಕ ಬರುವ ಬಟ್ಟೆ ತೊಡಲಾರ. ಅವನದು ಸೊಂಟದ ತನಕದ ಗಿಡ್ಡ ಅಂಗಿ, ಕೆಳಗೆ ಪೈಜಾಮ. ಓದಿದವನು, ಅಂಗಡಿಯ ಸಾಹುಕಾರ, ವೈದ್ಯ, ಮೇಷ್ಟ್ರು ಉದ್ದ ಅಂಗಿ. ಹೀಗೆ ಇಡೀ ಊರು ಅಂಗಿಯ ಉದ್ದದಿಂದ ಎರಡಾಯಿತು. ಬಿಲ್ಲು ಎಳೆಯಲೆಂದು ಹುಟ್ಟಿದ ಬಟ್ಟೆ, ನಾನು ಕೈಯಿಂದ ದುಡಿಯುವವನಲ್ಲ ಅಂತ ಸಾರುವ ಬಟ್ಟೆಯಾಯಿತು. ಹೊಂಗ್ ತೈಜಿ ಯಾವ ಅಗಲ ತೋಳಿಗೆ ಹೆದರಿದ್ದನೋ ಅದರ ಕೆಲಸವನ್ನು ಅವನ ಸ್ವಂತ ನಿಲುವಂಗಿಯೇ ಮಾಡತೊಡಗಿತು.

1911ರ ಕ್ರಾಂತಿಯಲ್ಲಿ ಚಕ್ರಾಧಿಪತ್ಯ ಉರುಳಿತು. ಜಡೆ ಹೋಯಿತು. ಬೀದಿಯಲ್ಲಿ ಹಿಡಿದು ಕತ್ತರಿಸಿದರು. ನಿಲುವಂಗಿ ಉಳಿಯಿತು. ಇದಕ್ಕೆ ದೊಡ್ಡ ಕಾರಣ ರೇಷ್ಮೆ. ಹೊಸ ಗಣರಾಜ್ಯದಲ್ಲಿ ಎಲ್ಲರೂ ಸೂಟು ಹಾಕಿದರೆ ಹೊರದೇಶದ ಉಣ್ಣೆ ಬಟ್ಟೆ ನುಗ್ಗುತ್ತದೆ, ನಮ್ಮ ರೇಷ್ಮೆ ನೇಯುವವರು, ಮಾರುವವರು ಹಾಳಾಗುತ್ತಾರೆ ಅಂತ ವ್ಯಾಪಾರಿ ಸಂಘಗಳು ಹೆದರಿದವು. 1911ರ ಡಿಸೆಂಬರಿನಲ್ಲೇ ಶಾಂಘೈನಲ್ಲಿ ಅವರೆಲ್ಲ ಸೇರಿ ದೇಶೀ ಸರಕನ್ನು ಉಳಿಸುವ ಸಂಘ ಕಟ್ಟಿ, ಕ್ರಾಂತಿಯ ನಾಯಕ ಸುನ್ ಯಾತ್ ಸೆನ್ ಅವರಿಗೆ ಪತ್ರ ಬರೆದರು. 1912ರ ಉಡುಪಿನ ಕಾನೂನಿನಲ್ಲಿ ದೊಡ್ಡ ಸಮಾರಂಭಕ್ಕೆ ಪಾಶ್ಚಾತ್ಯ ಸೂಟು ಬಂತು, ಸಾಮಾನ್ಯ ಸಮಾರಂಭಕ್ಕೆ ನಿಲುವಂಗಿ ಮತ್ತು ಮಾಗ್ವಾ ಕೂಡ ನಡೆಯುತ್ತದೆ ಅಂತಾಯಿತು. 1929ರಲ್ಲಿ, ಆಗಿನ ರಾಜಧಾನಿ ನಾನ್‌ಜಿಂಗ್‌ನಲ್ಲಿದ್ದ ಸರ್ಕಾರ ಇನ್ನೊಂದು ನಿಯಮ ತಂದಿತು. ನೀಲಿ ನಿಲುವಂಗಿ, ಕಪ್ಪು ಮಾಗ್ವಾ ಗಂಡಸರ ಅಧಿಕೃತ ಔಪಚಾರಿಕ ಉಡುಪು. ಜಿಯಾಂಗ್‌ಯಿನ್‌ನವರು ಯಾವುದನ್ನು ತೊಡಲಾರೆ ಅಂತ ಸತ್ತರೋ, ಅದರ ಮೊಮ್ಮಗ ಮುನ್ನೂರು ವರ್ಷ ತುಂಬುವ ಮೊದಲೇ ಚೀನಾ ರಾಷ್ಟ್ರದ ಉಡುಪಾದ. ನಮ್ಮಲ್ಲಿ ಸ್ವದೇಶಿ ಅಂದಾಗ ಖಾದಿ ಬಂತು, ಅಲ್ಲಿ ಸ್ವದೇಶಿ ಅಂದಾಗ ನಿಲುವಂಗಿ ನಿಂತಿತು.

ನಿಂತು ಕುಡಿದವನು

ಚಾಂಗ್‌ಶಾನ್ ಬಗ್ಗೆ ಮಾತಾಡುವ ಚೀನೀಯರು ಯಾರೇ ಆಗಲಿ, ಲು ಶುನ್ 1919ರಲ್ಲಿ ಪ್ರಕಟಿಸಿದ 'ಕೊಂಗ್ ಯೀಜಿ' ಅನ್ನುವ ಪುಟ್ಟ ಕಥೆಗೆ ಬಂದೇ ಬರುತ್ತಾರೆ. ಅಲ್ಲಿನ ಮಕ್ಕಳು ಶಾಲೆಯಲ್ಲೇ ಓದುತ್ತಾರೆ. ಒಂದು ಹೆಂಡದಂಗಡಿ. ಗಿಡ್ಡ ಅಂಗಿಯವರು ಕಟ್ಟೆಯ ಹೊರಗೆ ನಿಂತು ಕುಡಿಯುತ್ತಾರೆ. ಉದ್ದ ಅಂಗಿಯವರು ಒಳಕೋಣೆಗೆ ಹೋಗಿ ಕೂತು, ಪಲ್ಯ ತರಿಸಿಕೊಂಡು ಕುಡಿಯುತ್ತಾರೆ. ಕೊಂಗ್ ಯೀಜಿ ಒಬ್ಬನೇ ಉದ್ದ ಅಂಗಿ ತೊಟ್ಟೂ ನಿಂತು ಕುಡಿಯುವವನು. ಓದಿದ್ದಾನೆ, ಸರ್ಕಾರಿ ಹುದ್ದೆಗೆ ದಾರಿಯಾಗಿದ್ದ ಪರೀಕ್ಷೆಯಲ್ಲಿ ಕೆಳಗಿನ ಮೆಟ್ಟಿಲನ್ನೂ ದಾಟಿಲ್ಲ. ಪುಸ್ತಕ ನಕಲು ಮಾಡಿಕೊಟ್ಟು ಹೊಟ್ಟೆ ಹೊರೆಯುತ್ತಾನೆ, ಆಗಾಗ ಪುಸ್ತಕ ಕದಿಯುತ್ತಾನೆ. ಅವನ ನಿಲುವಂಗಿ ಹರಿದಿದೆ, ಕೊಳೆಯಾಗಿದೆ, ವರ್ಷಗಟ್ಟಲೆ ನೀರು ಕಂಡಿಲ್ಲ. ಆದರೂ ಬಿಚ್ಚುವುದಿಲ್ಲ.

ಕಥೆ ಬರೆದ ಲು ಶುನ್ ಅವರೇ ಕೊನೆಯ ತನಕ ಚಾಂಗ್‌ಪಾವ್ ತೊಟ್ಟವರು. ಅದೇ 1919ರ ಮೇ 4ರಂದು ಬೀಜಿಂಗ್ ಬೀದಿಗಿಳಿದು ಹಳೆಯದನ್ನೆಲ್ಲ ಕಿತ್ತೊಗೆಯಿರಿ ಅಂದ ವಿದ್ಯಾರ್ಥಿಗಳ ಫೋಟೋ ನೋಡಿ. ಬಹಳ ಮಂದಿ ನಿಲುವಂಗಿಯಲ್ಲೇ ಇದ್ದಾರೆ. ಇನ್ನೊಂದು ಕಡೆ, ಹಳೇ ಕಾಲ ಹೋದದ್ದನ್ನು ಒಪ್ಪದ, 1927ರ ಜೂನಿನಲ್ಲಿ ಬೇಸಿಗೆ ಅರಮನೆಯ ಕೆರೆಗೆ ಹಾರಿದ ಪಂಡಿತ ವಾಂಗ್ ಗುವೋವೆ ಕೂಡ ಅದೇ ಉಡುಪಿನವನು, ಅವನು ಜಡೆಯನ್ನೂ ಉಳಿಸಿಕೊಂಡಿದ್ದ. ಕ್ರಾಂತಿ ಬೇಕು ಅನ್ನುವವನೂ ಬೇಡ ಅನ್ನುವವನೂ ಒಂದೇ ಬಟ್ಟೆಯಲ್ಲಿ ಜಗಳವಾಡಿದ ಕಾಲ ಅದು. 1920ರ ದಶಕದಲ್ಲಿ ಓದಿದ ಹೆಂಗಸರೂ ಗಂಡಸರ ಈ ಉದ್ದ ನಿಲುವಂಗಿಯ ರೀತಿಗೆ ಬಂದರು. ಮೊದಮೊದಲು ಸಡಿಲವಾಗಿ, ನೇರವಾಗಿ ಇದ್ದ ಅದು ಆಮೇಲೆ ಮೈಗಂಟಿ ಚಿಪಾವ್ ಆಯಿತು. ಅದು ಲೋಕಪ್ರಸಿದ್ಧ. ಅದರ ಅಣ್ಣನ ಹೆಸರು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ.

1949ರ ಅಕ್ಟೋಬರ್ 1ರಂದು ಮಾವೋ ಹೊಸ ರಾಷ್ಟ್ರ ಘೋಷಿಸಿದ್ದು ನಾಲ್ಕು ಜೇಬಿನ ಝೊಂಗ್‌ಶಾನ್ ಕೋಟಿನಲ್ಲಿ. ಅಲ್ಲಿಂದ ನಿಲುವಂಗಿ ಮರೆಯಾಯಿತು. ಅದಕ್ಕೆ ರಾಜಕೀಯವಷ್ಟೇ ಕಾರಣವಲ್ಲ. 1954ರಿಂದ ಬಟ್ಟೆಗೆ ಪಡಿತರ ಚೀಟಿ ಬಂತು, 1983ರ ತನಕ ಇತ್ತು. ಅಷ್ಟು ಉದ್ದದ ಅಂಗಿಗೆ ಚೀಟಿ ಯಾರ ಹತ್ತಿರ ಮಿಗುತ್ತದೆ? ಹಳೆಯದನ್ನೆಲ್ಲ ಅಳಿಸಹೊರಟ ಸಾಂಸ್ಕೃತಿಕ ಕ್ರಾಂತಿಯ ಹೊತ್ತಿಗೆ ಅದನ್ನು ತೊಟ್ಟು ಬೀದಿಗೆ ಬರುವುದೇ ಅಪಾಯ. ಆದರೆ ಅದೇ ಕಾಲದಲ್ಲಿ, 1967ರಲ್ಲಿ, ಒಬ್ಬ ಯುವ ಕಲಾವಿದ ಮಾವೋ ಅವರ ಒಂದು ಚಿತ್ರ ಬರೆದ. ಕಲ್ಲಿದ್ದಲ ಗಣಿಯ ಆನ್‌ಯುವಾನ್ ಊರಿಗೆ, ಕೆಲಸಗಾರರನ್ನು ಸಂಘಟಿಸಲು, ಬೆಟ್ಟದ ದಾರಿಯಲ್ಲಿ ನಡೆದು ಬರುತ್ತಿರುವ ಹರೆಯದ ಮಾವೋ. ಕೈಯಲ್ಲಿ ಕೊಡೆ. ಮೈಮೇಲೆ ಗಾಳಿಗೆ ಹಾರುವ ಚಾಂಗ್‌ಶಾನ್. ಆ ಚಿತ್ರದ ಪ್ರತಿಗಳು ಕೋಟಿಗಟ್ಟಲೆ ಅಚ್ಚಾಗಿ ಮನೆ ಮನೆಯ ಗೋಡೆ ಏರಿದವು. ಗಣಿಯ ಗಿಡ್ಡ ಅಂಗಿಯವರ ಕಡೆಗೆ ಉದ್ದ ಅಂಗಿಯ ಮೇಷ್ಟ್ರು ನಡೆದು ಹೋಗುವ ಚಿತ್ರ ಅದು. ನಿಲುವಂಗಿ ಇಲ್ಲದಿದ್ದರೆ ಆ ಚಿತ್ರಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಬಿಚ್ಚು ಅಂದವರು

ಬಟ್ಟೆ ಹೋಯಿತು, ಅದರ ನೆರಳು ಹೋಗಿಲ್ಲ ಅನ್ನುವುದು ನನಗೆ ತಿಳಿದದ್ದು ಶೆನ್‌ಜೆನ್‌ನಲ್ಲಿ. 2023ರ ಬೇಸಿಗೆ. ಕೆಲಸದ ಮೇಲೆ ಹೋಗಿದ್ದೆ. ಒಂದು ಸಂಜೆ ಊಟಕ್ಕೆ ಕೂತಿದ್ದಾಗ ಅಲ್ಲಿನ ಸಹೋದ್ಯೋಗಿಗೆ ಮನೆಯಿಂದ ಫೋನ್ ಬಂತು. ಮಾತು ಮುಗಿಸಿ ಬಂದು ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ ಹೇಳಿದಳು. ತಮ್ಮ ಡಿಗ್ರಿ ಮುಗಿಸಿದ್ದಾನೆ. ಒಳ್ಳೆಯ ಕಾಲೇಜು. ಎಲ್ಲೂ ಕೆಲಸ ಸಿಕ್ಕಿಲ್ಲ. ಅಪ್ಪ ಈಗ ನಿನ್ನ ಆ ಉದ್ದ ಅಂಗಿ ಬಿಚ್ಚಿಡು, ಸಿಕ್ಕಿದ ಕೆಲಸಕ್ಕೆ ಹೋಗು ಅಂತ ದಿನಾ ಬೈಯುತ್ತಿದ್ದಾರೆ. ಅವನು ಕೋಣೆಯಿಂದ ಹೊರಗೇ ಬರುತ್ತಿಲ್ಲ.

ಆ ವರ್ಷ ಚೀನಾದ ಇಂಟರ್ನೆಟ್ ತುಂಬಾ ಇದೇ ಮಾತು. ಕೆಲಸ ಸಿಗದ ಪದವೀಧರರು ತಮ್ಮನ್ನು ಕೊಂಗ್ ಯೀಜಿ ಅಂತ ಕರೆದುಕೊಂಡರು. ನಮ್ಮ ಡಿಗ್ರಿ ನಾವು ಇಳಿಯಲಾರದ ಕಟ್ಟೆ, ಬಿಚ್ಚಲಾರದ ನಿಲುವಂಗಿ ಅಂತ ಬರೆದರು. ಆ ವರ್ಷ ಪದವಿ ಮುಗಿಸಿ ಹೊರಬಂದವರು 1 ಕೋಟಿ 15 ಲಕ್ಷಕ್ಕೂ ಜಾಸ್ತಿ. ಜೂನ್‌ನಲ್ಲಿ 16ರಿಂದ 24 ವಯಸ್ಸಿನವರ ನಿರುದ್ಯೋಗ 21.3 ಶೇಕಡಾ ಮುಟ್ಟಿತು. ಆಗಸ್ಟ್‌ನಲ್ಲಿ ಸರ್ಕಾರ ಆ ಅಂಕಿ ಪ್ರಕಟಿಸುವುದನ್ನೇ ನಿಲ್ಲಿಸಿತು. ಮುಂದಿನ ಜನವರಿಯಲ್ಲಿ ಲೆಕ್ಕದ ರೀತಿ ಬದಲಿಸಿ ಮತ್ತೆ ಶುರು ಮಾಡಿತು. ಸರ್ಕಾರಿ ಟಿವಿ ಮಾರ್ಚ್‌ನಲ್ಲೇ ಬುದ್ಧಿ ಹೇಳಿತ್ತು. ಕೊಂಗ್ ಯೀಜಿ ಕೆಟ್ಟದ್ದು ಓದಿನಿಂದಲ್ಲ, ಓದಿದವನೆಂಬ ಬಿಗುಮಾನ ಬಿಡದೆ, ಮೈ ಬಗ್ಗಿಸಿ ದುಡಿಯದೆ ಅಂತ. ಹುಡುಗರಿಗೆ ಸಿಟ್ಟು ಬಂತು. ನನಗೂ ಬಂತು.

ಸಹೋದ್ಯೋಗಿ ಆ ಸಂಜೆ ಹೇಳಿದ ಇನ್ನೊಂದು ಮಾತು ಇದೆ. ಅಪ್ಪ ಕಾರ್ಖಾನೆಯಲ್ಲಿ ನಿಂತೇ ಕೆಲಸ ಮಾಡಿದವರು. ತಮ್ಮ ಚಿಕ್ಕವನಿದ್ದಾಗ ಮನೆಯ ಪಾತ್ರೆ ಎತ್ತಿಡಲೂ ಬಿಡುತ್ತಿರಲಿಲ್ಲ. ಓದು, ಓದು, ನನ್ನ ಹಾಗೆ ಆಗಬೇಡ ಅಂತ ಅವರೇ ಹೇಳಿದ್ದು. ಆ ಅಂಗಿಯನ್ನು ಅವನಿಗೆ ತೊಡಿಸಿದ್ದು ಯಾರು ಅಂತ ಅಪ್ಪ ಮರೆತಿದ್ದಾರೆ ಅಂದಳು. ನಾನು ಏನೂ ಹೇಳಲಿಲ್ಲ. ನಮ್ಮೂರುಗಳಲ್ಲೂ ಎಷ್ಟು ಅಪ್ಪಂದಿರು ಇದೇ ಮಾತನ್ನು ಕನ್ನಡದಲ್ಲಿ ಆಡಿಲ್ಲ!

ರೂಮಿಗೆ ಬಂದು ಆ ಕಥೆಯನ್ನು ಮತ್ತೆ ಓದಿದೆ. ಬಿಚ್ಚು ಅನ್ನುವವರು ಕಥೆಯ ಕೊನೆಯನ್ನು ಬಿಟ್ಟುಬಿಡುತ್ತಾರೆ. ಕೊಂಗ್ ಯೀಜಿ ಕೊನೆಯ ಸಲ ಹೆಂಡದಂಗಡಿಗೆ ಬಂದಾಗ ಅವನ ಮೈಮೇಲೆ ನಿಲುವಂಗಿ ಇಲ್ಲ. ಹರಿದ ಗಿಡ್ಡ ಅಂಗಿ ಇದೆ. ಪರೀಕ್ಷೆ ಪಾಸಾದ ಶ್ರೀಮಂತನೊಬ್ಬನ ಮನೆಯಲ್ಲಿ ಕದ್ದು ಸಿಕ್ಕಿಬಿದ್ದು, ಹೊಡೆತ ತಿಂದು ಕಾಲು ಮುರಿದಿದೆ. ಕೈಗೆ ಕೆಸರು ಮೆತ್ತಿದೆ, ಯಾಕೆಂದರೆ ಅವನು ಕೈಯೂರಿ ತೆವಳಿಕೊಂಡು ಬಂದಿದ್ದಾನೆ. ಅಂದರೆ ನಿಲುವಂಗಿ ಹೋಗಿತ್ತು. ಕಳಚಿದ ಮೇಲೆ ಅವನಿಗೆ ಯಾವ ಕೆಲಸವೂ ಸಿಗಲಿಲ್ಲ, ಯಾರೂ ಕರೆದು ಕೂರಿಸಲಿಲ್ಲ. ಅಂಗಡಿಯವನಿಗೆ ನೆನಪಿದ್ದದ್ದು ಅವನು ಬಾಕಿ ಇಟ್ಟ 19 ಕಾಸು. ಬರೀ ಬಟ್ಟೆ ಬಿಚ್ಚಿದರೆ ಸರಿಹೋಗುತ್ತದೆ ಅನ್ನುವವರಿಗೆ ಲು ಶುನ್ ನೂರು ವರ್ಷ ಮೊದಲೇ ಉತ್ತರ ಬರೆದಿಟ್ಟಿದ್ದಾರೆ. 1905ರಲ್ಲಿ ಆ ಹಳೇ ಪರೀಕ್ಷೆಯನ್ನೇ ರದ್ದು ಮಾಡಿದಾಗ ಅದಕ್ಕಾಗಿ ಬದುಕು ಸವೆಸಿದವರನ್ನು ಯಾರೂ ಕೇಳಿರಲಿಲ್ಲ. ಆಟದ ನಿಯಮ ಬದಲಿಸಿದವರು ಒಬ್ಬರು, ನಾಚಿಕೆ ಹೊತ್ತವರು ಇನ್ನೊಬ್ಬರು.

ಈಗ ಯಾರದು?

ಈಗ ಇದು ದಿನಬಳಕೆಯ ಬಟ್ಟೆ ಅಲ್ಲ. ಬೀಜಿಂಗ್, ತಿಯಾನ್‌ಜಿನ್‌ಗಳಲ್ಲಿ ಇಬ್ಬರು ನಿಂತು ನಗೆಮಾತು ಹೆಣೆಯುವ ಶಿಯಾಂಗ್‌ಶೆಂಗ್ ಕಲಾವಿದರು ವೇದಿಕೆ ಮೇಲೆ ಚಾಂಗ್‌ಶಾನ್ ತೊಡುತ್ತಾರೆ. ತೈಪೆಯಲ್ಲಿ ಪ್ರತಿ ಸೆಪ್ಟೆಂಬರ್ 28ರಂದು ಕನ್ಫ್ಯೂಷಿಯಸ್ ಪೂಜೆಗೆ ದೊಡ್ಡ ಅಧಿಕಾರಿಗಳು ನಿಲುವಂಗಿ, ಮಾಗ್ವಾದಲ್ಲಿ ಬರುವುದುಂಟು. 2001ರ ಅಕ್ಟೋಬರಿನಲ್ಲಿ ಶಾಂಘೈನಲ್ಲಿ ನಡೆದ ಏಷ್ಯಾ-ಪೆಸಿಫಿಕ್ ದೇಶಗಳ ಏಪೆಕ್ ಸಭೆಯಲ್ಲಿ ಬುಷ್, ಪುಟಿನ್ ಎಲ್ಲರೂ ಮಾಗ್ವಾ ಮಾದರಿಯ ರೇಷ್ಮೆ ಕೋಟು ತೊಟ್ಟು ನಿಂತರು. ಆಮೇಲೆ ಒಂದೆರಡು ವರ್ಷ ಹಬ್ಬಕ್ಕೆ ಅದೇ ಫ್ಯಾಷನ್. 2021ರಲ್ಲಿ ಹಾಂಗ್‌ಕಾಂಗ್ ದರ್ಜಿಗಳ ಚಾಂಗ್‌ಶಾನ್ ಹೊಲಿಯುವ ವಿದ್ಯೆ ಚೀನಾದ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿತು. ಬೆರಳಿಗೆ ಸುತ್ತಿ ಗಂಟು ಕಟ್ಟುವ ಆ ಕೈಗಳಿಗೆ ಇದು ಸಿಗಲೇಬೇಕಿತ್ತು.

ಇನ್ನೊಂದು ಕಡೆ ಹಾನ್‌ಫು, ಅಂದರೆ ಚೀನಾದ ಬಹುಪಾಲಿನವರಾದ ಹಾನ್ ಜನರ ಹಳೇ ಉಡುಪಿನ, ಚಳವಳಿ ಇದೆ. 2003ರ ನವೆಂಬರಿನಲ್ಲಿ ಜೆಂಗ್‌ಝೌ ನಗರದ ಒಬ್ಬ ಯುವಕ ಮಂಚುಗಳಿಗಿಂತ ಹಿಂದಿನ, ಅಗಲ ತೋಳಿನ ಉಡುಪು ಹೊಲಿಸಿ ತೊಟ್ಟು ಬೀದಿಯಲ್ಲಿ ನಡೆದ. ಈಗ ಲಕ್ಷಗಟ್ಟಲೆ ಹುಡುಗ ಹುಡುಗಿಯರು ಅದನ್ನು ತೊಡುತ್ತಾರೆ, ಪಾರ್ಕುಗಳಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅವರಲ್ಲಿ ಗಟ್ಟಿ ದನಿಯ ಕೆಲವರು ಚಾಂಗ್‌ಪಾವ್, ಮಾಗ್ವಾ ಚೀನೀ ಬಟ್ಟೆಯೇ ಅಲ್ಲ, ಗುಲಾಮಗಿರಿಯ ಗುರುತು ಅನ್ನುತ್ತಾರೆ. ಜಿಯಾಂಗ್‌ಯಿನ್ ನೆನೆದರೆ ಅವರ ನೋವು ನನಗೆ ಅರ್ಥವಾಗುತ್ತದೆ. ಅವರು ಬಿಳಿಮೋಡ ದೇವಸ್ಥಾನದ ಸಾಧುಗಳ ಕಡೆ ಕೈ ತೋರಿಸಿದರೆ ತಪ್ಪೇನಲ್ಲ. ಆದರೆ ಅವರ ತೀರ್ಪನ್ನು ನಾನು ಒಪ್ಪಲಾರೆ. 1645ರಲ್ಲಿ ಬದುಕಿದ್ದ ಗಂಡಸರು ಮಾತ್ರ ಬದಲಾಗಬೇಕಿತ್ತು, ಸತ್ತವರಿಗೆ ಬಿಡುವು ಇತ್ತು. ಇವತ್ತು ಚೀನಾದ ಊರುಗಳಲ್ಲಿ ಶವಕ್ಕೆ ತೊಡಿಸುವ ಬಟ್ಟೆ ಮಾರುವ ಅಂಗಡಿಗೆ ಹೋಗಿ ನೋಡಿ. ಗಂಡಸರಿಗೆಂದು ಅಲ್ಲಿ ತೂಗುಬಿಟ್ಟಿರುವುದರಲ್ಲಿ ದುಂಡು ಚಿತ್ತಾರದ ರೇಷ್ಮೆ ನಿಲುವಂಗಿ ಮತ್ತು ಮಾಗ್ವಾ ಬಹಳ ಸಾಮಾನ್ಯ. ಅದನ್ನು ಕೊಳ್ಳುವ ಮಕ್ಕಳನ್ನು ಯಾವ ದೋರ್ಗಾನನೂ ಹೆದರಿಸಿಲ್ಲ. ಜೀವಮಾನವಿಡೀ ಗಿಡ್ಡ ಅಂಗಿಯಲ್ಲೇ ದುಡಿದ ಅಪ್ಪನಿಗೆ ಅವರು ಉದ್ದ ಅಂಗಿ ಆರಿಸುತ್ತಾರೆ, ತೊಡಿಸುತ್ತಾರೆ. ಅದು ಪರರ ಬಟ್ಟೆ ಅಂತ ಆ ಮಕ್ಕಳಿಗೆ ಹೇಳುವ ಹಕ್ಕು ಯಾರಿಗಿದೆ?